ಕಾಶೀಬಾಯಿಯವರ ಮೊಣಕಾಲು

ನಮ್ಮ ಆರೋಗ್ಯ ಇಲಾಖೆಗೆ ಸೇರಬೇಕೆಂದಿರುವ ಹುಡುಗ ಹುಡುಗಿಯರು ಈಗಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಜಾತಿಯ ಮುದುಕ ನಾನಲ್ಲ. ದಿನಕ್ಕೆರಡು ಸಲ ಆಳಂದದ ಪೇಟೆ ಸುತ್ತಿ ಬರದಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ. ಆದರೂ ಹೇಗೋ ಹಿಡಿಯುತ್ತಾರೆ. ಹಿಡಿದು ಕೇಳುವುದು ಮಾತ್ರ ಒಂದೇ: "ಸರ್, ಫಿಟ್ನೆಸ್‌ನ್ಯಾಗ ಏನೇನು ನೋಡ್ತಾರ್ರಿ? ಎಷ್ಟು ಎತ್ತರ ಇರಬೇಕ್ರಿ? ಎಷ್ಟು ದೂರ ಓಡಸ್ತಾರ್ರಿ?"

ರೋಗಿಯ ಮನೆಯೊಳಗೆ ಹೇಗೆ ಕಾಲಿಡಬೇಕು ಎಂದು ಒಬ್ಬರಾದರೂ ಕೇಳಿದ್ದರೆ ಕೇಳಿ! ನನಗೆ ಸಿಟ್ಟು ಬರುತ್ತದೆ. ಸಿಟ್ಟು ಆ ಮಕ್ಕಳ ಮೇಲಲ್ಲ, ಪಾಪ, ಪರೀಕ್ಷೆಯಲ್ಲಿ ಕೇಳುವುದನ್ನು ಅವರು ಕೇಳುತ್ತಾರೆ. ಓಡುವ ಮಾತು ಬಂದರೆ ನನಗೆ ಕಾಶೀಬಾಯಿಯವರು ನೆನಪಾಗುತ್ತಾರೆ. ಬಾಯಿಮಾತಿನಲ್ಲಿ ಹೇಳಹೋದರೆ ನನ್ನ ದನಿ ಏರಿ, ಒಳಗಿನಿಂದ ನನ್ನಾಕೆ "ಯಾರ ಮ್ಯಾಲ ಒದರಾಕತ್ತೀರಿ?" ಎಂದು ಗದರುತ್ತಾಳೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ನಲವತ್ತೇಳರ ಮಳೆಗಾಲದಲ್ಲಿ. ದೇಶದ ಉಳಿದ ಭಾಗಕ್ಕೆ ಸ್ವಾತಂತ್ರ್ಯ ಬಂದಿತ್ತು. ನಮ್ಮದು ಹೈದರಾಬಾದ್ ಸಂಸ್ಥಾನ, ನಮಗೆ ಬಂದಿರಲಿಲ್ಲ. ಬಂದದ್ದು ಗದ್ದಲ. ಇವತ್ತು ಆ ಊರಿಗೆ ಗುಂಪು ನುಗ್ಗಿತಂತೆ, ನಾಳೆ ಈ ಊರಿಗಂತೆ ಎಂಬ ಸುದ್ದಿ. ಕೆಲವು ಸುಳ್ಳು, ಕೆಲವು ಖರೆ. ಯಾವುದು ಖರೆ ಎಂದು ತಿಳಿಯುವಷ್ಟರಲ್ಲಿ ಜನ ಗಂಟುಮೂಟೆ ಕಟ್ಟಿಕೊಂಡು ಗಡಿಯಾಚೆಯ ಸೊಲ್ಲಾಪುರದ ದಾರಿ ಹಿಡಿದಿರುತ್ತಿದ್ದರು. ಮರುವರ್ಷ ಸೈನ್ಯ ಬಂದ ಮೇಲೆ ಇನ್ನೊಂದು ಕಡೆಯವರು ಓಡಿದರು, ಅದನ್ನೂ ಈ ಕಣ್ಣಿಂದಲೇ ನೋಡಿದ್ದೇನೆ. ಒಟ್ಟಿನಲ್ಲಿ ನಮ್ಮ ಸೀಮೆಯಲ್ಲಿ ಆಗ ಯಾರೂ ಚಪ್ಪಲಿ ದೂರ ಬಿಟ್ಟು ಮಲಗುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ದೇವಿ ಹಾಕುವವರು ಬೇಕಾಗಿದ್ದಾರೆಂದು ಸರಕಾರಿ ದವಾಖಾನೆಯಲ್ಲಿ ಸಾರಿದರು. ಸಿಡುಬಿಗೆ ನಮ್ಮಲ್ಲಿ ದೇವಿ ಎನ್ನುತ್ತಾರೆ. ಸಿಡುಬು ಬಾರದಂತೆ ತೋಳಿಗೆ ಲಸಿಕೆ ಹಾಕುವುದಕ್ಕೂ ದೇವಿ ಹಾಕುವುದು ಎಂದೇ ಹೆಸರು. ನಾನಾಗ ಆಳಂದದ ತಾಲೀಮಿನಲ್ಲಿ ಕುಸ್ತಿ ಆಡಿಕೊಂಡು, ಮನೆಯ ಹಾಲು ಖಾಲಿ ಮಾಡಿಕೊಂಡು ಇದ್ದವನು. ಅಪ್ಪ ಒಂದು ದಿನ ಕೈ ಮುಗಿದು, "ಎಲ್ಲ್ಯರ ನೌಕರಿ ಹಿಡಿಯೋ ಮಾರಾಯ, ಎಮ್ಮಿಗೂ ನಿನ್ನ ನೋಡಿ ಸಾಕಾಗ್ಯದ" ಎಂದ. ಹೋದೆ.

ಆರಿಸುವವರು ಹೈದರಾಬಾದಿನಿಂದ ಬಂದ ಇನ್‌ಸ್ಪೆಕ್ಟರ್ ಸಾಹೇಬರು. ಹಿಂದೆ ಫೌಜಿನ ದವಾಖಾನೆಯಲ್ಲಿ ಇದ್ದವರು. ಕೋಲಿನಂತೆ ನೆಟ್ಟಗೆ ನಿಲ್ಲುವ ಮನುಷ್ಯ, ಕೊರಳಲ್ಲಿ ದರ್ಜಿಯ ಅಳತೆಪಟ್ಟಿ. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಎದೆಗೆ ಪಟ್ಟಿ ಸುತ್ತಿ, "ಛಾತಿ ಉಬ್ಬಿಸು!" ಎಂದರು. ಉಬ್ಬಿಸಿದೆ. ಪಟ್ಟಿ ಅವರ ಕೈಯಿಂದ ಜಾರಿತು. ಸಾಹೇಬರ ಮುಖ ಅರಳಿತು. "ಓಡು" ಎಂದರು, ಓಡಿದೆ. ನೀರು ತುಂಬಿದ ಕೊಡ ಎತ್ತಿಕೊಂಡು ಓಡು ಎಂದರು, ಎರಡು ಎತ್ತಿಕೊಂಡು ಓಡಿದೆ. ನನಗೆ ಓದು ಬರುತ್ತದೋ ಇಲ್ಲವೋ ಎಂದು ಕೇಳುವುದನ್ನು ಮರೆತು ಕೆಲಸ ಕೊಟ್ಟುಬಿಟ್ಟರು.

ಸಾಹೇಬರನ್ನು ನಾನು ಹೀಗಳೆಯುತ್ತಿಲ್ಲ. ಕೆಟ್ಟವರಲ್ಲ ಅವರು. ಹಿಂದೊಮ್ಮೆ ಕಾಲರಾ ಬಂದಾಗ ಅವರ ಕೈಕೆಳಗಿನ ಕಂಪೌಂಡರ್ ಒಬ್ಬ, ಮೊದಲೇ ಸೊರಗಿದ ಮೈಯವನು, ರೋಗಿಗಳ ನಡುವೆಯೇ ಕುಸಿದು ಸತ್ತಿದ್ದನಂತೆ. ಅವನನ್ನು ತಾವೇ ಕೆಲಸಕ್ಕೆ ಕಳಿಸಿದ್ದರಂತೆ. ಅದನ್ನು ಹೇಳುವಾಗ ಅವರ ಕಣ್ಣು ಎಲ್ಲೋ ಇರುತ್ತಿತ್ತು. ದವಾಖಾನೆಯವರು ಗಟ್ಟಿ ಇರಬೇಕು, ಬೆವರದೆ ಓಡಬೇಕು ಎಂಬ ಹಟ ಅವರಿಗೆ ಅಲ್ಲಿಂದ ಹತ್ತಿತ್ತು. ಇನ್ನೊಂದು ಕಾರಣವೂ ಇತ್ತು. ಆಗಿನ ಲಸಿಕೆ ಬಿಸಿಲಿಗೆ ಕೆಡುತ್ತಿತ್ತು. ತೆಳ್ಳನೆಯ ಗಾಜಿನ ನಳಿಕೆಗಳನ್ನು ತೊಯ್ದ ಬಟ್ಟೆಯಲ್ಲಿ ಸುತ್ತಿ ಮಣ್ಣಿನ ಗಡಿಗೆಯಲ್ಲಿಟ್ಟು ಒಯ್ಯಬೇಕು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ! ತಡವಾದರೆ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ.

ಕಾಶೀಬಾಯಿಯವರು ಅದೇ ದವಾಖಾನೆಯಲ್ಲಿ ಹೆರಿಗೆ ಮಾಡಿಸುವ ದಾಯಿ. ಹೆಣ್ಣುಮಕ್ಕಳು ಗಂಡಸರ ಮುಂದೆ ತೋಳು ಚಾಚುತ್ತಿರಲಿಲ್ಲವಾದ್ದರಿಂದ ಹೆಂಗಸರಿಗೆ ದೇವಿ ಹಾಕುವ ಕೆಲಸವೂ ಅವರದೇ. ಎಲ್ಲರೂ ಅವರನ್ನು ಬಾಯಾರು ಎನ್ನುತ್ತಿದ್ದೆವು. ಭಾರೀ ಮೈ, ಎರಡೂ ಮೊಣಕಾಲು ಬಾತು ಒಜ್ಜೆಯಾಗಿದ್ದವು. ಎದ್ದರೆ "ಯವ್ವಾ", ಕೂತರೆ "ಯಪ್ಪಾ". ಗಂಡ ತೀರಿಹೋಗಿ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ದವಾಖಾನೆಯ ಹಿಂದಿನ ಒಂದು ಖೋಲಿಯೇ ಅವರ ಮನೆ, ಅದೂ ನೌಕರಿಯ ಜೊತೆ ಕೊಟ್ಟದ್ದು. ಸಾಹೇಬರು ಮೊದಲ ದಿನವೇ ಅವರನ್ನು ಮೇಲಿಂದ ಕೆಳಗೆ ನೋಡಿ, "ಬೇಸಿಗೆಯೊಳಗೆ ಎಲ್ಲರಿಗೂ ಪರೀಕ್ಷೆ ಅದ. ಓಡದವರು ಮನೆಗೆ" ಎಂದು ಹೇಳಿ ಹೋಗಿದ್ದರು.

"ಮನೀಗೆ ಅಂತ ಹೇಳಿದರಲ್ಲ ಶರಣಪ್ಪಾ, ಯಾವ ಮನೀಗೆ?" ಎಂದು ಬಾಯಾರು ನನ್ನನ್ನು ಕೇಳಿದರು. ನಗುತ್ತಲೇ ಕೇಳಿದರು. ಆದರೆ ಅವತ್ತಿನಿಂದ ದಿನಾ ಮೊಣಕಾಲಿಗೆ ಎಳ್ಳೆಣ್ಣೆ ತಿಕ್ಕುವುದು, ಎಕ್ಕೆಯೆಲೆ ಕಾಸಿ ಕಟ್ಟುವುದು ಶುರುವಾಯಿತು.

ಮೊದಲ ಚಳಿಗಾಲ ಆಳಂದದ ಸುತ್ತ ಕಳೆಯಿತು. ನನ್ನ ಮೊದಲ ಎಡವಟ್ಟು ಮಟಕಿ ಎಂಬ ಊರಿನಲ್ಲಿ. ತೋಳಿನ ಮೇಲೆ ಲಸಿಕೆಯ ಹನಿ ಇಟ್ಟು, ಸಣ್ಣ ಹಲ್ಲುಗಳಿರುವ ಬಿಲ್ಲೆಯನ್ನು ಅದರ ಮೇಲೆ ಒತ್ತಿ ತಿರುಗಿಸಬೇಕು. ಚರ್ಮ ಗೀರಿದರೆ ಸಾಕು, ರಕ್ತ ಚಿಮ್ಮಬಾರದು. ನನ್ನದೋ ಕುಸ್ತಿಯ ಹಿಡಿತ. ಒಂದು ಕೂಸಿನ ತೋಳು ಹಿಡಿದೆ, ಕೂಸು ಕಿರುಚಿದ ಕಿರುಚಿಗೆ ಕಟ್ಟೆಯ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು. ಅದರ ಅವ್ವ ನನ್ನ ಬೆನ್ನಿಗೆ ಫಟ್ಟನೆ ಹೊಡೆದು, "ದೇವಿ ಹಾಕಾಕ ಬಂದೀಯೋ, ಕುಸ್ತಿ ಹಿಡಿಯಾಕ ಬಂದೀಯೋ, ಬಾಡ್ಯಾ!" ಎಂದಳು. ಬಾಯಾರು ನಕ್ಕು ನಕ್ಕು ಬಂಡಿಯ ಗೂಟ ಹಿಡಿದುಕೊಂಡರು. ಅಲ್ಲಿಂದ ನರೋಣಾದವರೆಗೆ ದಾರಿಯುದ್ದಕ್ಕೂ "ಪೈಲವಾನ, ಮುಂದಿನ ಜೋಡಿ ಯಾರ ಸಂಗಾಟ?" ಎಂದು ಕಾಡಿದರು. ನರೋಣಾದಲ್ಲಿ ಕೈ ಸಡಿಲ ಬಿಟ್ಟು ಹಾಕಿದೆ, ಯಾರೂ ಹೊಡೆಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅಫಜಲಪುರದ ಕಡೆ ಸಿಡುಬು ಎದ್ದಿತು. ಭೀಮಾ ದಂಡೆಯ ಒಂದೆರಡು ಊರುಗಳಲ್ಲಿ ಮಕ್ಕಳು ಹೋದವೆಂದು ಸುದ್ದಿ. ಸಾಹೇಬರು ನಮ್ಮನ್ನು ಅಲ್ಲಿಗೆ ಅಟ್ಟಿದರು. "ಬಂಡಿ ಬೇಡ. ಕಾಶೀಬಾಯಿ ಬೇಡ. ಗಟ್ಟಿಯವರು ಮೂರು ಮಂದಿ ಓಡುತ್ತ ಹೋಗಿರಿ, ಲಸಿಕೆ ಕೆಡುವ ಮೊದಲು ಮುಟ್ಟಿರಿ" ಎಂದು ಹುಕುಂ. ಖಾಕಿ ಚಡ್ಡಿ, ಖಾಕಿ ಅಂಗಿ ಕೊಡಿಸಿದರು. ನಾಯಿಗಳಿಗೆಂದು ಕೈಗೊಂದು ಲಾಠಿ. ನಮಗೋ ಹಿಗ್ಗೇ ಹಿಗ್ಗು.

ಗೊಬ್ಬೂರಿನ ಆಚೆ ಒಂದು ಸಣ್ಣ ಹಳ್ಳಿ. ಹೊತ್ತು ಏರಿತ್ತು. ನಾವು ಮೂವರೂ ಗಡಿಗೆ ಹೊತ್ತು, ಲಾಠಿ ಹಿಡಿದು, ಧೂಳೆಬ್ಬಿಸುತ್ತ ಓಡಿ ಬರುತ್ತಿದ್ದೇವೆ. ಜೋಳದ ಹೊಲದ ಮಂಚಿಕೆಯ ಮೇಲಿದ್ದ ಹಕ್ಕಿ ಕಾಯುವವನು ನಮ್ಮನ್ನು ನೋಡಿದ. ನೋಡಿದವನೇ, "ಬಂದ್ರೋ! ಬಂದ್ರೋ!" ಎಂದು ಕೂಗಿ ಅಲ್ಲಿಂದ ಹಾರಿದ.

ನಮಗೇನು ಗೊತ್ತು! ಯಾರೋ ಬರುತ್ತಿದ್ದಾರೆಂದು ನಾವೂ ಹೆದರಿ ಇನ್ನೂ ಜೋರಾಗಿ ಊರೊಳಗೆ ಓಡಿದೆವು. ಅಷ್ಟರಲ್ಲಿ ಊರು ಖಾಲಿ. ಕೂಸುಗಳನ್ನು ಬಗಲಿಗೆ ಹಾಕಿಕೊಂಡ ಹೆಂಗಸರು, ಸೀರೆ ಎತ್ತಿ ಕಟ್ಟಿದ ಮುದುಕಿಯರು, ಎಲ್ಲರೂ ಜೋಳದೊಳಗೆ ಮಾಯ. ಬಾಗಿಲುಗಳು ತೆರೆದೇ ಇದ್ದವು. ಒಂದು ಮನೆಯಲ್ಲಿ ಹಂಚಿನ ಮೇಲಿನ ರೊಟ್ಟಿ ಕಮರಿ ಹೊಗೆ ಬರುತ್ತಿತ್ತು. ನಾನೇ ಒಳಗೆ ಹೋಗಿ ಅದನ್ನು ತೆಗೆದು ಬುಟ್ಟಿಗೆ ಹಾಕಿದೆ. ಹೊರಗೆ ಬಂದರೆ ಕಟ್ಟೆಯ ಮೇಲೆ, ಓಡಲಾಗದ ಒಬ್ಬ ಮುದುಕ ಎರಡೂ ಕೈ ಮೇಲೆತ್ತಿದ್ದಾನೆ.

"ತಗೋರಿ ಯಪ್ಪಾ, ಏನು ಬೇಕು ಎಲ್ಲಾ ತಗೋರಿ. ಹೊಡೀಬ್ಯಾಡ್ರಿ."

"ಯಜ್ಜಾ, ನಾವು ದೇವಿ ಹಾಕಾವ್ರು! ದವಾಖಾನಿಯವ್ರು!" ಎಂದೆ. ಅವನಿಗೆ ಕೇಳಿಸಿತೋ ಇಲ್ಲವೋ, ಕೈ ಇಳಿಸಲಿಲ್ಲ. ಅವತ್ತು ನನಗೆ ನನ್ನ ಮೈ ನೋಡಿ ನಾಚಿಕೆಯಾಯಿತು. ಆ ತೋಳು, ಆ ಎದೆ, ಊರಿಗೆ ನುಗ್ಗುವ ಗುಂಪಿನವರಂಥದೇ ಆ ಖಾಕಿ, ಆ ಲಾಠಿ. ಎಷ್ಟು ವರ್ಷ ಹಾಲು ಕುಡಿದು ಬೆಳೆಸಿದ ಮೈ ಅದು!

ಹೊಲದ ಬದುವಿನ ಮೇಲೆ ನಿಂತು ಕೂಗಿದೆವು. ಕೂಗಿದಷ್ಟೂ ಜೋಳದ ತೆನೆಗಳು ದೂರ ದೂರ ಅಲುಗಾಡಿದವು. ಮಧ್ಯಾಹ್ನ ಕಳೆಯಿತು, ಗಡಿಗೆಯ ಬಟ್ಟೆ ಒಣಗಿತು, ಲಸಿಕೆ ಕೆಟ್ಟಿತು. ಸಿಡುಬು ಎರಡೇ ಹರಿದಾರಿ ಆಚೆ ಕೂತಿತ್ತು. ನಾವು ಒಂದು ತೋಳನ್ನೂ ಮುಟ್ಟದೆ ವಾಪಸು ಬಂದೆವು.

ಬಾಯಾರಿಗೆ ಹೇಳಿದರೆ ಈ ಸಲ ನಗಲಿಲ್ಲ. "ಬಂಡಿ ಕಟ್ಟಸು" ಎಂದರು. ಸಾಹೇಬರು ಆಗ ಭೀಮೆಯ ಆಚೆ ಜೇವರ್ಗಿಯಲ್ಲಿದ್ದರು, ಕೇಳಲು ಹೊತ್ತಿರಲಿಲ್ಲ. ಹೊಸ ನಳಿಕೆ ತುಂಬಿಕೊಂಡು ರಾತ್ರಿಯ ತಂಪಿನಲ್ಲೇ ಹೊರಟೆವು. ಹೊರಡುವ ಮೊದಲು ಬಾಯಾರು ನನ್ನ ಖಾಕಿ ಬಿಚ್ಚಿಸಿ ಧೋತರ ಉಡಿಸಿದರು, ಲಾಠಿ ಕಸಿದು ಮೂಲೆಗೆ ಒಗೆದರು. ಊರು ಕಾಣುತ್ತಲೇ ಬಂಡಿ ನಿಲ್ಲಿಸಿದರು. ನನಗೆ ಚಡಪಡಿಕೆ. ಬಿಸಿಲೇರುತ್ತಿದೆ, ಲಸಿಕೆ ಕೆಡುತ್ತದೆ.

"ಬಾಯಾರ, ಲಗೂನ ನಡೀರಿ."

"ಬಾಯಿ ಮುಚ್ಚಿಕೊಂಡು ಕುಂದ್ರೋ. ಮೊದಲು ಅವರು ನಮ್ಮನ್ನ ನೋಡಲಿ."

ಮಂಚಿಕೆಯವನು ನೋಡಿದ. ಕೂಗಲಿಲ್ಲ. ಬಾಯಾರು ಬಂಡಿಯಿಂದ ಇಳಿಯಲು ಶುರು ಮಾಡಿದರು. ಆ ಇಳಿಯುವುದೇ ಒಂದು ದೊಡ್ಡ ಕೆಲಸ. ಒಂದು ಕಾಲು ಕೆಳಗೆ, "ಯವ್ವಾ!" ಇನ್ನೊಂದು ಕಾಲು, "ಸತ್ತೆನಪ್ಪೋ!" ನಾನು ಕೈ ಕೊಡಹೋದರೆ ಹೊಡೆದು ಸರಿಸಿದರು. ಆಮೇಲೆ ಕುಂಟುತ್ತ ಕುಂಟುತ್ತ ಊರ ಬಾಯಿಗೆ ಬಂದು ಕಟ್ಟೆಯ ಮೇಲೆ ಕುಸಿದು, ಇಡೀ ಊರಿಗೆ ಕೇಳುವಂತೆ, "ಯಾರರ ಅದೀರೇನವ್ವಾ? ಕಾಲು ಹಿಡಕೊಂಡಾವು. ಒಂಚೂರು ನೀರು ಕೊಟ್ಟು ಪುಣ್ಯಾ ಕಟಗೋರಿ" ಎಂದರು.

ಒಂದು ಬಾಗಿಲು ಸಂದಿಯಷ್ಟು ತೆರೆಯಿತು. ತಂಬಿಗೆ ಹಿಡಿದು ಒಬ್ಬಳು ಬಂದಳು, ಗುರವ್ವ. ಅವತ್ತು ಹಂಚಿನ ಮೇಲೆ ರೊಟ್ಟಿ ಬಿಟ್ಟು ಓಡಿದವಳು ತಾನೇ ಎಂದು ಆಮೇಲೆ ಹೇಳಿದಳು. ಬಾಯಾರು ನೀರು ಕುಡಿದು, "ಕೈ ಹಿಡಿದು ಎಬ್ಬಿಸವ್ವಾ" ಎಂದರು. ಗುರವ್ವ ಕೈ ಕೊಟ್ಟಳು. ಕೊಟ್ಟ ಕೈಯನ್ನು ಬಾಯಾರು ಬಿಡಲೇ ಇಲ್ಲ. ಹಿಡಿದುಕೊಂಡೇ, ಎಷ್ಟು ಮಕ್ಕಳು, ತವರು ಯಾವುದು, ಎಮ್ಮೆ ಹಿಂಡುತ್ತದೋ ಇಲ್ಲವೋ ಎಂದು ಕೇಳುತ್ತ ಕೇಳುತ್ತ ತೋಳು ಮೇಲೆ ಸರಿಸಿ, ತಮ್ಮ ತೋಳಿನ ಹಳೆಯ ಕಲೆ ತೋರಿಸಿ, "ಇದನ್ನ ಹಾಕತೇನಿ, ಹೂಂ ಅನ್ನು" ಎಂದರು. ಅವಳು ಹೂಂ ಎನ್ನುವಷ್ಟರಲ್ಲಿ ಹನಿ ಇಟ್ಟಾಗಿತ್ತು.

ಒಬ್ಬಳ ಹಿಂದೆ ಒಬ್ಬಳು ಬಂದರು. ಯಾರೋ ಎಣ್ಣೆ ತಂದು ಬಾಯಾರ ಮೊಣಕಾಲು ತಿಕ್ಕಲು ಕೂತರು. ತಿಕ್ಕಿದವಳಿಗೂ ಬಿತ್ತು ದೇವಿ. ಮಕ್ಕಳಿಗೆ ನಾನು ಹಾಕಿದೆ, ಮಟಕಿಯ ಪೆಟ್ಟು ನೆನೆಸಿಕೊಂಡು ಮೆಲ್ಲಗೆ. ಗುರವ್ವನ ಸಣ್ಣ ಕೂಸಿಗೆ ಜ್ವರವಿತ್ತು. "ಎಂಟು ದಿನಕ್ಕ ಕಲೆ ಎದ್ದದೇನು ನೋಡಾಕ ಬರ್ತೇವಿ, ಆವಾಗ ನಿನ್ನ ಕೂಸಿಗೆ ಹಾಕತೇನಿ" ಎಂದು ಬಾಯಾರು ಮಾತು ಕೊಟ್ಟರು. ಹಿಂದಿನ ಸಲ ನಮಗೆ ಹೆದರಿ ಜೋಳದೊಳಗೆ ಓಡಿದವರಲ್ಲಿ ಇನ್ನೂ ಕೆಲವರು ಊರಿಗೆ ಮರಳಿರಲಿಲ್ಲ. ಅವರಿಗೂ ಅದೇ ಎಂಟನೆಯ ದಿನ ಬರಲು ಹೇಳಿಕಳಿಸಿದರು.

ಆ ಎಂಟು ದಿನದ ನಡುವೆಯೇ ಜೇವರ್ಗಿಯಿಂದ ಕರೆ ಬಂತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ದವಾಖಾನೆಯವರಿಗೆಲ್ಲ ಪರೀಕ್ಷೆ. ಬೇಸಿಗೆಗೆ ಎಂದಿದ್ದನ್ನು ಸಾಹೇಬರು ಮೊದಲೇ ಇಟ್ಟುಬಿಟ್ಟಿದ್ದರು. ಹರಗೋಲಿನಲ್ಲಿ ಭೀಮೆ ದಾಟುವಾಗ ಬಾಯಾರು ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ನನಗೆ ಮಾತ್ರ ನಂಬಿಕೆಯಿತ್ತು. ಆ ಊರಿನಲ್ಲಿ ನಡೆದದ್ದನ್ನು ಹೇಳಿದರೆ ಸಾಹೇಬರು ಒಪ್ಪದೆ ಎಲ್ಲಿ ಹೋಗುತ್ತಾರೆ?

ಹೇಳಿದೆ. ಕೇಳಿದರು. "ಶಾಬಾಸ್" ಎಂದರು. "ಆದರೆ ಇದು ಬೇರೆ, ಅದು ಬೇರೆ. ನಾಳೆ ಅದೇ ಊರಿನಲ್ಲಿ ಕಾಲರಾ ಬಂದರೆ ಬಾಯಿ ರೋಗಿಯನ್ನು ಎತ್ತುತ್ತಾಳೇನು? ತಾನೇ ಬಿದ್ದರೆ ಆಕೆಯನ್ನು ಎತ್ತುವವರು ಯಾರು?" ಅವರ ಕಣ್ಣು ಮತ್ತೆ ಎಲ್ಲೋ ಹೋಯಿತು. ಆ ಮಾತು ಪೂರ್ತಿ ಸುಳ್ಳೆಂದು ಇವತ್ತೂ ಹೇಳಲಾರೆ.

ದವಾಖಾನೆಯ ಗೇಟಿನಿಂದ ಬೇವಿನ ಮರದವರೆಗೆ ಸುಣ್ಣದ ಗೆರೆ ಎಳೆದಿದ್ದರು. ಒಬ್ಬೊಬ್ಬರೇ ಕೊಡ ಹೊತ್ತು ಓಡಿದೆವು. ನೋಡಲು ಊರ ಜನ ನೆರೆದಿದ್ದರು. ಆಳಂದದವರಲ್ಲಿ ಕೊನೆಗೆ ಬಾಯಾರ ಸರದಿ. ಸೆರಗು ಸಿಗಿಸಿ, ಕೊಡ ಬಗಲಿಗಿಟ್ಟುಕೊಂಡು ಗೆರೆಯ ಹತ್ತಿರ ಬಂದರು. ಓಡಿಯೇ ಬಿಡುತ್ತಾರೇನೋ ಎಂದುಕೊಂಡೆ. "ಓಡು ಬಾಯಿ!" ಎಂದು ಸಾಹೇಬರು ಕೈ ಬೀಸಿದರು.

ಬಾಯಾರು ನಡೆದರು. ಕುಂಟುತ್ತ, ಒಂದು ಹನಿ ಚೆಲ್ಲದೆ, ಬೇವಿನ ಮರದವರೆಗೆ ನಡೆದು ಹೋಗಿ, ನಡೆದೇ ವಾಪಸು ಬಂದರು.

"ಓಡು ಅಂದೆ."

"ಓಡಂಗಿಲ್ರಿ ಸಾಹೇಬರ."

"ಓಡಾಕ ಬರಂಗಿಲ್ಲೋ, ಓಡಂಗಿಲ್ಲೋ?"

"ಎರಡೂ ಹೌದ್ರಿ. ಮೊಣಕಾಲು ಕೇಳಂಗಿಲ್ಲ, ಅದು ಖರೆ. ಆದರ ಕೇಳಿದ್ರೂ ನಾ ಓಡಂಗಿಲ್ಲ. ಈಗಿನ ದಿನದಾಗ ನಾ ಓಡಿ ಹೋದರ, ಊರಾಗಿನವರೂ ಓಡ್ತಾರ್ರಿ. ಆಮ್ಯಾಲ ಯಾರ ತೋಳು ಹಿಡೀಲಿ?"

ಸಾಹೇಬರು ಕೊರಳಿನ ಪಟ್ಟಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಆಮೇಲೆ, "ಕಾಯಿದೆ ಎಲ್ಲರಿಗೂ ಒಂದೇ, ಬಾಯಿ. ಮಾಫ್ ಮಾಡು" ಎಂದು ಮೆಲ್ಲಗೆ ಹೇಳಿ ಮುಂದಿನವರ ಕಡೆ ತಿರುಗಿದರು. ಒದರಿದ್ದರೆ ನಾನೂ ತಿರುಗಿ ಒದರುತ್ತಿದ್ದೆ. ಮೆಲ್ಲಗೆ ಹೇಳಿ ನನ್ನ ಬಾಯಿ ಕಟ್ಟಿದರು.

ನನಗಂದು ಬೆನ್ನು ತಟ್ಟಿ ಮೊದಲ ನಂಬರು ಕೊಟ್ಟರು. ಆಳಂದಕ್ಕೆ ಮರಳಿ ಬಾಯಾರು ಖೋಲಿ ಖಾಲಿ ಮಾಡಿದರು. ಒಂದು ಟ್ರಂಕು, ಒಂದು ಬೀಸುವ ಕಲ್ಲು, ಎರಡು ಪಾತ್ರೆ. ನರೋಣಾದಲ್ಲಿ ತಂಗಿಯಿದ್ದಳು, ಅಲ್ಲಿಗೆ ಹೊರಟರು. ಬಂಡಿಗೆ ಟ್ರಂಕು ಏರಿಸುವಾಗ ನನಗೆ ಅಳು ಬಂತು. ತೋಳಿನಲ್ಲಿ ಇಷ್ಟು ಬಲ ಇಟ್ಟುಕೊಂಡು ಮಾಡಿದ್ದೇನು, ಅವರ ಟ್ರಂಕು ಎತ್ತಿದ್ದು!

"ಅಳಬ್ಯಾಡೋ ಪೈಲವಾನ" ಎಂದರು ಬಾಯಾರು. "ಆ ಊರಿಗೆ ಹೋಗೋದು ಮರೀಬ್ಯಾಡ. ಗುರವ್ವನ ಕೂಸಿಗೆ ಹಾಕೋದು ಉಳದದ. ನಾ ಮಾತು ಕೊಟ್ಟೇನಿ."

ಎಂಟನೆಯ ದಿನ ಹೋದೆ. ಒಬ್ಬನೇ. ಧೋತರ ಉಟ್ಟು, ಬಂಡಿಯಲ್ಲಿ. ಊರು ಕಂಡಲ್ಲಿ ಇಳಿದು ನಡೆದೆ. ಒಳಗಿನಿಂದ ಏನೋ ನೂಕುತ್ತಿತ್ತು, ಲಸಿಕೆ ಕೆಡುತ್ತದೆ, ಲಗೂ ಹೋಗು, ಓಡು ಎಂದು. ಹಲ್ಲು ಕಚ್ಚಿಕೊಂಡು ಮೆಲ್ಲಗೆ ನಡೆದೆ. ಆ ಮೆಲ್ಲನೆಯ ನಡಿಗೆಯಷ್ಟು ಕಷ್ಟದ ಕಸರತ್ತು ತಾಲೀಮಿನಲ್ಲೂ ಮಾಡಿರಲಿಲ್ಲ. ಊರ ಬಾಯಿಯಲ್ಲಿ ಹೆಂಗಸರು ನಿಂತಿದ್ದರು. ಕೆಲವರು ನನ್ನನ್ನು ನೋಡಿ ಮಕ್ಕಳನ್ನು ಬಗಲಿಗೆ ಎತ್ತಿಕೊಂಡು, ಒಂದು ಕಾಲು ಹಿಂದಿಟ್ಟು ನಿಂತರು. ನಾನು ಅಲ್ಲೇ ದಾರಿಯ ಧೂಳಿನಲ್ಲಿ ಕೂತುಬಿಟ್ಟೆ.

ಬಹಳ ಹೊತ್ತು ಯಾರೂ ಬರಲಿಲ್ಲ. ಆಮೇಲೆ ಗುರವ್ವ ಬಂದಳು. ಬಗಲಲ್ಲಿ ಕೂಸು, ಜ್ವರ ಬಿಟ್ಟಿತ್ತು. ನಡುವಿಗೆ ಒಂದು ಗಂಟು ಬಿಗಿದುಕೊಂಡಿದ್ದಳು. ಯಾವ ಹೊತ್ತಿನಲ್ಲಿ ಹೊರಡಬೇಕಾಗುತ್ತದೋ ಎಂದು ಆ ಕಾಲದಲ್ಲಿ ಎಲ್ಲ ಹೆಂಗಸರೂ ಹಾಗೆ ಬಿಗಿದುಕೊಂಡೇ ಇರುತ್ತಿದ್ದರು. ಅವಳು ನನ್ನ ಹಿಂದೆ ಬಂಡಿಯ ಕಡೆ ನೋಡಿದಳು.

"ಬಾಯಾರು ಇಳಿಲಿಲ್ಲೇನ್ರಿ?"

"ಅವರು ಬಂದಿಲ್ಲವ್ವಾ. ನೌಕರಿಯಿಂದ ತೆಗದ್ರು."

"ಯಾಕ್ರಿ? ಏನು ತಪ್ಪು ಮಾಡಿದ್ರು?"

"ಓಡಾಕ ಬರಂಗಿಲ್ಲಂತ."

ಗುರವ್ವ ನನ್ನ ಮುಖವನ್ನೇ ನೋಡಿದಳು. ಚೇಷ್ಟೆ ಮಾಡುತ್ತಿದ್ದೇನೆಂದು ಮೊದಲು ತಿಳಿದಳೇನೋ. ಆಮೇಲೆ ನನ್ನೆದುರು ಧೂಳಿನಲ್ಲೇ ಕೂತು, ಕೂಸಿನ ಅಂಗಿಯ ತೋಳು ಮೇಲೆ ಸರಿಸಿದಳು.

"ಓಡಾಕ ನಾವು ಇದ್ದೇವಲ್ರಿ, ಯಪ್ಪಾ" ಎಂದಳು. "ಅವರ್ಯಾಕ ಓಡಬೇಕಿತ್ತು?"